ತಾಯಿ ಕಾರ್ಡಿನಲ್ಲಿ ಐಸಿಟಿ ಫಲಿತಾಂಶವೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮಲೆನಾಡಿನ ಊರುಗಳಲ್ಲಿ ‘ರಕ್ತ ಟೆಸ್ಟಿಗೆ ಶಿವಮೊಗ್ಗಕ್ಕೆ ಕಳಿಸಿದಾರೆ’ ಎಂದರೆ ಕೇಳಿದವರ ಮನಸ್ಸು ಮೊದಲು ಹೋಗುವುದು ಮಂಗನ ಕಾಯಿಲೆಯ ಕಡೆಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ರೋಗದ ದೆಸೆಯಿಂದ ರಕ್ತದ ಮಾದರಿ, ಐಸ್ ಪೆಟ್ಟಿಗೆ, ಆಂಟಿಬಾಡಿ ಎಂಬ ಮಾತುಗಳು ಇಲ್ಲಿನವರಿಗೆ ಹೊಸವಲ್ಲ. ನಾವು ಈ ಪತ್ರದಲ್ಲಿ ಹೇಳಹೊರಟಿರುವ ಆಂಟಿಬಾಡಿ ಮಾತ್ರ ಬೇರೆ. ಅದು ಹುಟ್ಟುವುದು ಇನ್ನೊಬ್ಬ ಮನುಷ್ಯನ ಕೆಂಪು ರಕ್ತಕಣದ ವಿರುದ್ಧ. ಹೊಟ್ಟೆಯಲ್ಲಿರುವ ಮಗುವಿನ ರಕ್ತವನ್ನು ತಾಯಿಯ ದೇಹವೇ ಒಡೆಯುವಂತೆ ಮಾಡುವುದೂ, ಬಾಣಂತಿಗೆ ಜೀವ ಉಳಿಸಲೆಂದು ಏರಿಸಿದ ರಕ್ತ ಒಳಗೇ ಒಡೆದು ಮೂತ್ರ ಕೆಂಪಾಗುವಂತೆ ಮಾಡುವುದೂ ಅದೇ. ಅದನ್ನು ಹುಡುಕುವ ಪರೀಕ್ಷೆಗೆ ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್ ಎಂದು ಹೆಸರು. ಆಸ್ಪತ್ರೆಯ ಮಾತಿನಲ್ಲಿ ಐಸಿಟಿ. ಕೂಂಬ್ಸ್, ಮೌರಂಟ್ ಮತ್ತು ರೇಸ್ 1945ರಲ್ಲಿ ಇದನ್ನು ಪ್ರಕಟಿಸಿದರು. ಎಂಬತ್ತು ವರ್ಷ ಹಳೆಯದಾದ ಈ ಪರೀಕ್ಷೆ ನೆಗೆಟಿವ್ ಗುಂಪಿನವರಿಗಷ್ಟೇ ಸೀಮಿತವಾಗದೆ ಪ್ರತಿಯೊಬ್ಬ ಗರ್ಭಿಣಿಗೂ ಆಗಬೇಕು, ಫಲಿತಾಂಶ ತಾಯಿ ಕಾರ್ಡಿನಲ್ಲಿ ಬರಹದಲ್ಲಿ ಇರಬೇಕು ಎಂಬುದು ನಮ್ಮ ಕೋರಿಕೆ.

ರಕ್ತದ ಗುಂಪು ಎಂದರೆ ಎ, ಬಿ, ಎಬಿ, ಒ ಮತ್ತು ಅದರ ಮುಂದಿನ ಪಾಸಿಟಿವ್, ನೆಗೆಟಿವ್ ಇಷ್ಟೇ ಎಂಬ ತಿಳಿವಳಿಕೆ ಸಾರ್ವತ್ರಿಕವಾಗಿದೆ. ಆ ಪಾಸಿಟಿವ್, ನೆಗೆಟಿವ್ ಎನ್ನುವುದು ಆರ್‌ಎಚ್ ಗುಂಪಿನ ‘ಡಿ’ ಎಂಬ ಒಂದೇ ಒಂದು ಗುರುತಿನ ಕಥೆ. ಅದೇ ಆರ್‌ಎಚ್ ಗುಂಪಿನಲ್ಲಿ ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ ಎಂಬ ಗುರುತುಗಳಿವೆ. ಅದರಾಚೆ ಕೆಲ್, ಡಫಿ, ಕಿಡ್, ಎಂಎನ್‌ಎಸ್ ಮುಂತಾದ ಗುಂಪುಗಳಿವೆ. ನಮ್ಮ ಕಣದ ಮೇಲೆ ಇಲ್ಲದ ಗುರುತೊಂದು ಬೇರೆಯವರ ರಕ್ತದ ಮೂಲಕ ಒಳಗೆ ಬಂದರೆ ದೇಹ ಅದನ್ನು ಪರಕೀಯವೆಂದು ಕಂಡು ಆಂಟಿಬಾಡಿ ತಯಾರಿಸಬಹುದು. ಬೇರೆಯವರ ರಕ್ತ ಒಳಗೆ ಬರುವ ದಾರಿಗಳು ಮುಖ್ಯವಾಗಿ ಎರಡು: ರಕ್ತ ಏರಿಸಿಕೊಂಡದ್ದು ಮತ್ತು ಬಸಿರು. ಹೆರಿಗೆಯಲ್ಲಿ ಕಸ ಬೀಳುವಾಗ, ಗರ್ಭಪಾತದಲ್ಲಿ, ಹೊಟ್ಟೆಗೆ ಏಟು ಬಿದ್ದಾಗ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರುತ್ತದೆ. ಒಂದು ಎಂಎಲ್‌ಗಿಂತ ಕಡಿಮೆ ಸೇರಿದರೂ ಸಾಕಾಗಬಹುದು. ಹಾಗೆ ಹುಟ್ಟಿದ ಐಜಿಜಿ ಜಾತಿಯ ಆಂಟಿಬಾಡಿ ಮುಂದಿನ ಬಸಿರಿನಲ್ಲಿ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಚೊಚ್ಚಲು ಮಗು ಬಹುಪಾಲು ಏನೂ ಆಗದೆ ಉಳಿದು, ಎರಡನೆಯದು ಹುಟ್ಟಿದ ದಿನವೇ ಹಳದಿಯಾಗುವುದಕ್ಕೆ, ಮೂರನೆಯದು ಹೊಟ್ಟೆಯಲ್ಲೇ ನೀರು ತುಂಬಿಕೊಂಡು ತೀರಿಹೋಗುವುದಕ್ಕೆ ಇದೇ ಕಾರಣ.

ಈಗ ಎಷ್ಟೋ ಕಡೆ ನಡೆದುಬಂದಿರುವ ರೂಢಿ ಹೀಗಿದೆ: ಗರ್ಭಿಣಿ ನೆಗೆಟಿವ್ ಆಗಿದ್ದರೆ ಐಸಿಟಿ ಬರೆಯುತ್ತಾರೆ, ಪಾಸಿಟಿವ್ ಆಗಿದ್ದರೆ ‘ನಿಮಗೆ ಬೇಡ’ ಎನ್ನುತ್ತಾರೆ. ನಮ್ಮ ದೇಶದಲ್ಲಿ ನೆಗೆಟಿವ್ ಇರುವವರು ಶೇ 5ರಿಂದ 6. ಹಾಗಾಗಿ ನೂರಕ್ಕೆ ತೊಂಬತ್ತನಾಲ್ಕು ಮಂದಿಗೆ ಪರೀಕ್ಷೆಯೇ ಇಲ್ಲ. ಈ ರೂಢಿ ತಪ್ಪು ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಕಾರಣವೊಂದನ್ನೇ ಹತ್ತಿರದಿಂದ ನೋಡೋಣ. ಭಾರತೀಯರಲ್ಲಿ ಹತ್ತರಲ್ಲಿ ನಾಲ್ವರ ರಕ್ತಕಣದ ಮೇಲೆ ಸಣ್ಣ ಸಿ ಗುರುತು ಇರುವುದಿಲ್ಲ. ಇವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸಿಟಿವ್ ಗುಂಪಿನವರೇ. ಅಂಥ ಹೆಣ್ಣುಮಗಳ ಗಂಡನಲ್ಲಿ ಸಣ್ಣ ಸಿ ಇದ್ದರೆ ಮಗುವಿಗೂ ಅದು ಬರಬಹುದು. ಹೆರಿಗೆಯಲ್ಲಿ ಆ ರಕ್ತ ತಾಯಿಗೆ ಸೇರಿ ಆಂಟಿ-ಸಣ್ಣ-ಸಿ ಹುಟ್ಟಬಹುದು. ಇದು ಮಗುವಿಗೆ ಮಾಡುವ ಹಾನಿ ಆಂಟಿ-ಡಿ ಮಾಡುವ ಹಾನಿಗೆ ಹತ್ತಿರ ಹತ್ತಿರ ಬರುತ್ತದೆ. ಆಂಟಿ-ಡಿ ಬಾರದಂತೆ ತಡೆಯಲು ಚುಚ್ಚುಮದ್ದಿದೆ; ಆಂಟಿ-ಸಣ್ಣ-ಸಿ ತಡೆಯಲು ಯಾವ ಚುಚ್ಚುಮದ್ದೂ ಇಲ್ಲ. ಮೊದಲೇ ಹುಡುಕಿಕೊಂಡು ಎಚ್ಚರ ವಹಿಸುವುದೊಂದೇ ಇರುವ ದಾರಿ, ಹುಡುಕುವುದನ್ನೇ ನಾವು ಬಿಟ್ಟಿದ್ದೇವೆ.

ಇದರ ಇನ್ನೊಂದು ಮುಖ ಇನ್ನೂ ಗಂಭೀರ. ‘ಒ ನೆಗೆಟಿವ್ ಎಲ್ಲರಿಗೂ ಆಗುತ್ತೆ’ ಎಂಬ ಮಾತು ಶಾಲೆಯ ಪಾಠದಿಂದ ಹಿಡಿದು ಆಂಬುಲೆನ್ಸಿನವರೆಗೆ ಎಲ್ಲರ ಬಾಯಲ್ಲಿದೆ. ಎಬಿಒ ಮತ್ತು ಡಿ ಮಟ್ಟಿಗೆ ಮಾತ್ರ ಅದು ನಿಜ. ನೆಗೆಟಿವ್ ಗುಂಪಿನವರ ಕಣಗಳಲ್ಲಿ ಡಿ ಇಲ್ಲದಿದ್ದರೂ ಸಣ್ಣ ಸಿ ಬಹುತೇಕ ಯಾವಾಗಲೂ ಇರುತ್ತದೆ, ಅದೂ ತಂದೆಯಿಂದೊಂದು, ತಾಯಿಯಿಂದೊಂದು ಎಂಬಂತೆ ಎರಡು ಪಾಲು. ಆಂಟಿ-ಸಣ್ಣ-ಸಿ ಇರುವ ಬಾಣಂತಿಗೆ ತುರ್ತಿನಲ್ಲಿ ಒ ನೆಗೆಟಿವ್ ರಕ್ತ ಕೊಟ್ಟರೆ ಆಕೆಗೆ ಎಲ್ಲಕ್ಕಿಂತ ಹೊಂದದ ರಕ್ತವನ್ನೇ ಹುಡುಕಿ ಕೊಟ್ಟ ಹಾಗೆ. ಆಕೆಗೆ ಹೊಂದುವ ರಕ್ತ ಸಾಮಾನ್ಯ ಪಾಸಿಟಿವ್ ದಾನಿಗಳ ಚೀಲಗಳಲ್ಲೇ ಇರುತ್ತದೆ. ಯಾವ ಚೀಲದಲ್ಲಿ ಎಂಬುದು ಮೊದಲೇ ಗೊತ್ತಿರಬೇಕು, ಅಷ್ಟೇ.

ಗೊತ್ತಾಗಲು ಹಿಡಿಯುವ ಸಮಯದ ಲೆಕ್ಕ ನೋಡಿ. ಆಂಟಿಬಾಡಿ ಇಲ್ಲದವರಿಗೆ ಗುಂಪು ನೋಡಿ, ಕ್ರಾಸ್‌ಮ್ಯಾಚ್ (ದಾನಿಯ ಕಣ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಬೆರೆಸಿ ನೋಡುವುದು) ಮಾಡಿ ರಕ್ತ ಕೊಡಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಆಂಟಿಬಾಡಿ ಇದ್ದರೆ ಅದು ಯಾವುದೆಂದು 11 ಬಗೆಯ ಕಣಗಳ ಪ್ಯಾನೆಲ್ ಇಟ್ಟು ಗುರುತಿಸಬೇಕು, ಆಮೇಲೆ ಆ ಗುರುತಿಲ್ಲದ ಚೀಲ ಹುಡುಕಬೇಕು. ಆಂಟಿ-ಸಣ್ಣ-ಸಿ ಒಂದೇ ಆದರೆ ಹತ್ತು ಚೀಲ ನೋಡಿದರೆ ನಾಲ್ಕು ಸಿಗಬಹುದು. ಅದರ ಜೊತೆಗೆ ಕಿಡ್ ಗುಂಪಿನ ಜೆಕೆ-ಎ ವಿರುದ್ಧವೂ ಆಂಟಿಬಾಡಿ ಇದ್ದರೆ, ಜೆಕೆ-ಎ ಇಲ್ಲದವರು ಐದರಲ್ಲಿ ಸುಮಾರು ಒಬ್ಬರು. ಎರಡೂ ಇಲ್ಲದ ಚೀಲ ನೂರಕ್ಕೆ ಎಂಟು. ಆಂಟಿ-ಸಣ್ಣ-ಇ ಆದರೆ ನೂರಕ್ಕೆ ಎರಡು ಸಿಕ್ಕರೆ ಪುಣ್ಯ. ಇದೆಲ್ಲ ಆಯಾ ಎಬಿಒ ಗುಂಪಿನೊಳಗಿನ ಲೆಕ್ಕ. ಎಲ್ಲ ಅನುಕೂಲವಿರುವ ಕಡೆಯೂ ಅರ್ಧ ದಿನ, ಒಂದು ದಿನ ಹಿಡಿಯುವ ಕೆಲಸವಿದು. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ದಾರಿ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ತೆರೆದ ಮೇಲೆ ತುಮರಿ ಸೀಮೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿತು, ನಿಜ. ರೋಗಿ ಆಸ್ಪತ್ರೆಗೆ ಬೇಗ ತಲುಪುತ್ತಾರೆ. ಹೊಂದುವ ರಕ್ತ ಅಷ್ಟೇ ಬೇಗ ತಲುಪುವುದಿಲ್ಲ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವದಲ್ಲಿ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಆ ಎರಡು ಗಂಟೆಯಲ್ಲಿ ಆಂಟಿಬಾಡಿ ಹುಡುಕಲು ಕೂರುವುದಕ್ಕೂ, ಮೂರು ತಿಂಗಳ ಮೊದಲೇ ಗೊತ್ತಿದ್ದು ಎರಡು ಚೀಲ ತೆಗೆದಿರಿಸಿರುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಿಲ್ಲ.

ಇದನ್ನು ಓದಿ ಯಾರೂ ತುರ್ತಿನಲ್ಲಿ ರಕ್ತ ಬೇಡವೆನ್ನಬಾರದು. ರಕ್ತ ಹರಿದು ಪ್ರಾಣ ಹೋಗುತ್ತಿರುವಾಗ ಪೂರ್ತಿ ಹೊಂದುವ ಚೀಲಕ್ಕಾಗಿ ಕಾಯುವಂತಿಲ್ಲ. ಸಿಕ್ಕಿದ್ದರಲ್ಲಿ ಕಡಿಮೆ ಅಪಾಯದ್ದನ್ನು ವೈದ್ಯರು ನಿಗಾ ಇಟ್ಟು ಕೊಡುತ್ತಾರೆ, ಕೊಡಲೇಬೇಕು. ಆ ಸ್ಥಿತಿ ಬಾರದಿರಲಿ ಎಂದೇ ಈ ಪತ್ರ.

ನೆಗೆಟಿವ್ ಗುಂಪಿನ ಗರ್ಭಿಣಿಯರ ವಿಷಯಕ್ಕೆ ಬರೋಣ. ಆಂಟಿ-ಡಿ ಚುಚ್ಚುಮದ್ದು ಬಳಕೆಗೆ ಬಂದದ್ದು 1968ರಲ್ಲಿ. ಅದಕ್ಕೆ ಮೊದಲು, ಎಬಿಒ ಹೊಂದುವ ಪಾಸಿಟಿವ್ ಮಗು ಹೆತ್ತ ನೆಗೆಟಿವ್ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಆಂಟಿ-ಡಿ ಹುಟ್ಟುತ್ತಿತ್ತು. ಹೆರಿಗೆಯಾದ 72 ಗಂಟೆಯೊಳಗೆ ಚುಚ್ಚುಮದ್ದು ಕೊಡತೊಡಗಿದ ಮೇಲೆ ಅದು ಒಂದೆರಡಕ್ಕೆ ಇಳಿಯಿತು. ಬಸಿರಿನ 28ನೇ ವಾರದಲ್ಲೂ ಒಂದು ಕೊಟ್ಟರೆ ಸಾವಿರಕ್ಕೆ ಮೂರಕ್ಕಿಂತ ಕೆಳಗೆ ಬರುತ್ತದೆ. ಎಂದರೆ 28ನೇ ವಾರದ ಚುಚ್ಚುಮದ್ದು ‘ಇದ್ದರೆ ಒಳ್ಳೆಯದು’ ಎನ್ನುವಂಥದ್ದಲ್ಲ. ಆದರೆ ನಮ್ಮ ಸೀಮೆಯಲ್ಲಿ ಆ 28ನೇ ವಾರ ಎಂದರೆ ಏಳನೇ ತಿಂಗಳು, ಸೀಮಂತದ ಕಾಲ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಲು ಬಸುರಿಯನ್ನು ತವರಿಗೆ ಕಳಿಸುವ ಹೊತ್ತು. ಗಂಡನ ಮನೆ ಕೊಪ್ಪದ ಕಡೆ, ತವರು ಸಾಗರದ ಕಡೆ. ಇಲ್ಲಿಯ ವೈದ್ಯರು ‘ತವರಿನಲ್ಲಿ ಹಾಕಿಸುತ್ತಾರೆ’ ಎಂದುಕೊಳ್ಳುತ್ತಾರೆ, ಅಲ್ಲಿಯವರು ‘ಅಲ್ಲೇ ಹಾಕಿಸಿಕೊಂಡು ಬಂದಿರುತ್ತಾರೆ’ ಎಂದುಕೊಳ್ಳುತ್ತಾರೆ. ತಾಯಿ ಕಾರ್ಡಿನಲ್ಲಿ ಬರೆದಿರದಿದ್ದರೆ ಇಬ್ಬರೂ ಊಹೆಯಲ್ಲೇ ಉಳಿಯುತ್ತಾರೆ. ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕುವಾಗ ಅತ್ತೆಯೋ ಅತ್ತಿಗೆಯೋ ಕಾರ್ಡ್ ತೆರೆದು ನೋಡಿ, ‘ಐಸಿಟಿ ಆಗಿದೆಯೇ, ಚುಚ್ಚುಮದ್ದು ಆಗಿದೆಯೇ’ ಎಂದು ಕೇಳುವುದು ರೂಢಿಯಾದರೆ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ.

ಚುಚ್ಚುಮದ್ದಿನ ಬಗ್ಗೆ ಇನ್ನೆರಡು ಮಾತು. 28ನೇ ವಾರದ ಐಸಿಟಿಗೆ ರಕ್ತ ತೆಗೆಯುವುದು ಚುಚ್ಚುಮದ್ದಿಗೆ ಮೊದಲು. ಚುಚ್ಚುಮದ್ದಿನಲ್ಲಿರುವುದೂ ಆಂಟಿ-ಡಿಯೇ ಆದ್ದರಿಂದ, ಹಾಕಿಸಿಕೊಂಡ ಮೇಲೆ ಹಲವು ವಾರ ಐಸಿಟಿ ಮಂದವಾಗಿ ಪಾಸಿಟಿವ್ ಬರುತ್ತದೆ. ಆಂಟಿಬಾಡಿ ಎಷ್ಟು ಬಲವಾಗಿದೆ ಎಂದು ಹೇಳುವ ಟೈಟರ್ ಸಂಖ್ಯೆ ಆಗ ಸಾಮಾನ್ಯವಾಗಿ 4 ದಾಟುವುದಿಲ್ಲ. ಚುಚ್ಚುಮದ್ದಿನ ತಾರೀಕು ಲ್ಯಾಬಿಗೆ ತಿಳಿಸದಿದ್ದರೆ ‘ಆಂಟಿಬಾಡಿ ಬಂದಿದೆ’ ಎಂಬ ವರದಿ ಹೋಗಿ ಮನೆಯವರು ದಿಗಿಲುಬೀಳುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ‘ಈಗಾಗಲೇ ಆಂಟಿಬಾಡಿ ಇದೆಯಲ್ಲ’ ಎಂದು ಹೆರಿಗೆಯ ನಂತರದ ಚುಚ್ಚುಮದ್ದನ್ನು ಬಿಟ್ಟುಬಿಡುವುದು. ಎರಡನೆಯದು ಪ್ರಮಾಣ. 300 ಮೈಕ್ರೋಗ್ರಾಂ ಚುಚ್ಚುಮದ್ದು ಮಗುವಿನ ಸುಮಾರು 30 ಎಂಎಲ್ ರಕ್ತವನ್ನು ನಿಭಾಯಿಸುತ್ತದೆ. ಕಸ ಮೊದಲೇ ಬಿಟ್ಟುಕೊಂಡಿದ್ದರೆ, ಕೈಹಾಕಿ ತೆಗೆಯಬೇಕಾಗಿ ಬಂದಿದ್ದರೆ, ಅವಳಿಯಾಗಿದ್ದರೆ ಅದಕ್ಕಿಂತ ಹೆಚ್ಚು ಸೇರಿರಬಹುದು. ಆಗ ಕ್ಲೈಹಾವರ್ ಪರೀಕ್ಷೆಯಿಂದ ಅಳೆದು ಹೆಚ್ಚಿನ ಡೋಸ್ ಕೊಡಬೇಕಾಗುತ್ತದೆ. 72 ಗಂಟೆ ತಪ್ಪಿಹೋಯಿತೆಂದು ಕೈಬಿಡಬೇಡಿ. 10 ದಿನದೊಳಗೆ ಕೊಟ್ಟರೂ ಒಂದಿಷ್ಟು ರಕ್ಷಣೆ ಸಿಗುತ್ತದೆ. 12 ವಾರ ದಾಟಿದ ಗರ್ಭಪಾತ, ನಳಿಕೆಯಲ್ಲಿ ನಿಂತ ಬಸಿರು, ಬಸಿರಿನ ನಡುವೆ ರಕ್ತ ಹೋದದ್ದು, ಬಿದ್ದು ಹೊಟ್ಟೆಗೆ ಏಟಾದದ್ದು ಇವೆಲ್ಲವೂ ಚುಚ್ಚುಮದ್ದಿಗೆ ಕಾರಣಗಳೇ. 12 ವಾರದೊಳಗಿನ ಗರ್ಭಪಾತಕ್ಕೆ ಬೇಕೇ ಬೇಡವೇ ಎಂಬುದರಲ್ಲಿ ಮಾರ್ಗಸೂಚಿಗಳು ಒಂದೇ ಮಾತು ಹೇಳುವುದಿಲ್ಲ, ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲೇ ನುಂಗಿ ಮುಗಿಸಿದ ಗರ್ಭಪಾತಗಳು ಯಾವ ಕಾಗದದಲ್ಲೂ ಇರುವುದಿಲ್ಲ. ದಯವಿಟ್ಟು ಅದನ್ನು ವೈದ್ಯರಿಂದ, ನರ್ಸಮ್ಮನಿಂದ ಮುಚ್ಚಿಡಬೇಡಿ.

ಇನ್ನು ಪ್ರಯೋಗಾಲಯದ ಮೇಜಿನ ಮೇಲೆ ಏನಾಗುತ್ತದೆ ಎಂಬುದು ಓದುಗರಿಗೂ, ಪರೀಕ್ಷೆ ಬರೆಯುವ ವೈದ್ಯರಿಗೂ ತಿಳಿದಿರುವುದು ಒಳ್ಳೆಯದು. ಟ್ಯೂಬ್ ವಿಧಾನದಲ್ಲಿ ತಾಯಿಯ ಸೀರಮ್ (ಕಣ ಬೇರ್ಪಟ್ಟ ಮೇಲೆ ಉಳಿಯುವ ರಕ್ತದ ತಿಳಿ) ಎರಡು ಹನಿ, ತೊಳೆದ ಒ ಗುಂಪಿನ ಕಣಗಳ ಶೇ 3ರಿಂದ 5ರ ದ್ರಾವಣ ಒಂದು ಹನಿ ಸೇರಿಸಿ 37 ಡಿಗ್ರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ ಇಡುತ್ತಾರೆ. ಲಿಸ್ ಎಂಬ ಕಡಿಮೆ ಉಪ್ಪಿನ ದ್ರಾವಣ ಬಳಸಿದರೆ 10ರಿಂದ 15 ನಿಮಿಷ ಸಾಕು. ಈ ಹೊತ್ತಿನಲ್ಲಿ ಆಂಟಿಬಾಡಿ ಇದ್ದರೆ ಕಣಕ್ಕೆ ಅಂಟಿಕೊಳ್ಳುತ್ತದೆ, ಆದರೆ ಕಣ್ಣಿಗೆ ಏನೂ ಕಾಣದು. ಆಮೇಲೆ ಸಲೈನಿನಲ್ಲಿ ಮೂರು ನಾಲ್ಕು ಬಾರಿ ತೊಳೆದು, ಕೊನೆಯ ಹನಿಯವರೆಗೂ ಬಸಿದು, ಮನುಷ್ಯರ ಆಂಟಿಬಾಡಿಗೇ ಅಂಟಿಕೊಂಡು ಕಣಗಳನ್ನು ಒಂದಕ್ಕೊಂದು ಬೆಸೆಯುವ ಕೂಂಬ್ಸ್ ಸೀರಮ್ ಎರಡು ಹನಿ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಆಗ ಕಣಗಳು ಗಂಟುಕಟ್ಟಿದರೆ ಪಾಸಿಟಿವ್.

ಇಲ್ಲಿ ಕೆಡುವುದು ಹೆಚ್ಚಾಗಿ ತೊಳೆಯುವ ಹಂತದಲ್ಲಿ. ತಾಯಿಯ ಸೀರಮಿನಲ್ಲಿ ತೇಲಾಡುವ ಬೇರೆ ಐಜಿಜಿ ಧಾರಾಳವಾಗಿರುತ್ತದೆ. ಅದರ ಚೂರೇ ಚೂರು ಟ್ಯೂಬಿನ ಗೋಡೆಗೆ ಉಳಿದರೂ ಸಾಕು, ಹಾಕಿದ ಕೂಂಬ್ಸ್ ಸೀರಮ್ ಎಲ್ಲ ಅದಕ್ಕೇ ಖರ್ಚಾಗಿ ಹೋಗುತ್ತದೆ. ಕಣಕ್ಕೆ ಅಂಟಿದ ಆಂಟಿಬಾಡಿ ಇದ್ದೂ ಇಲ್ಲದಂತಾಗಿ ಫಲಿತಾಂಶ ನೆಗೆಟಿವ್ ಬರುತ್ತದೆ. ತೊಳೆಯುವ ನಡುವೆ ಫೋನ್ ಬಂತೆಂದು ಟ್ಯೂಬ್ ಬಿಟ್ಟು ಎದ್ದುಹೋದರೂ ಅಂಟಿದ ಆಂಟಿಬಾಡಿ ಕಳಚಿಕೊಳ್ಳುತ್ತದೆ. ವಾಟರ್ ಬಾತ್ 37 ಎಂದು ತೋರಿಸಿ ಒಳಗೆ 32 ಇದ್ದರೂ, ಕಣದ ದ್ರಾವಣ ಮಂದವಾಗಿದ್ದರೂ, ಓದುವಾಗ ಟ್ಯೂಬನ್ನು ಜೋರಾಗಿ ಕುಲುಕಿದರೂ ದುರ್ಬಲ ಆಂಟಿಬಾಡಿ ಕೈತಪ್ಪುತ್ತದೆ. ಇದಕ್ಕೆಲ್ಲ ಕಾವಲು ಎಂದರೆ ಕೂಂಬ್ಸ್ ಕಂಟ್ರೋಲ್ ಕಣಗಳು, ಮೊದಲೇ ಐಜಿಜಿ ಲೇಪಿಸಿಟ್ಟ ಕಣಗಳು. ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಇದರ ಒಂದು ಹನಿ ಹಾಕಿ ತಿರುಗಿಸಬೇಕು. ಆಗ ಗಂಟುಕಟ್ಟಿದರೆ ಕೂಂಬ್ಸ್ ಸೀರಮ್ ಜೀವಂತವಾಗಿತ್ತು, ನೆಗೆಟಿವ್ ನಂಬಬಹುದು. ಗಂಟುಕಟ್ಟದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಮೊದಲಿಂದ ಮಾಡಬೇಕು. ಒಂದು ಹನಿಯ, ಒಂದು ನಿಮಿಷದ ಈ ಕೆಲಸ ಬಿಟ್ಟು ಕೊಟ್ಟ ‘ಐಸಿಟಿ ನೆಗೆಟಿವ್’ ವರದಿಗೆ ನಮ್ಮ ಲೆಕ್ಕದಲ್ಲಿ ಬೆಲೆಯಿಲ್ಲ.

ಜೆಲ್ ಕಾರ್ಡಿನಲ್ಲಿ ತೊಳೆಯುವ ಗೋಜಿಲ್ಲ. ಶೇ 0.8ರ ಕಣ 50 ಮೈಕ್ರೋಲೀಟರ್, ಪ್ಲಾಸ್ಮಾ 25 ಮೈಕ್ರೋಲೀಟರ್, 37 ಡಿಗ್ರಿಯಲ್ಲಿ 15 ನಿಮಿಷ, ಸೆಂಟ್ರಿಫ್ಯೂಜಿನಲ್ಲಿ 10 ನಿಮಿಷ. ಗಂಟುಕಟ್ಟಿದ ಕಣ ಜೆಲ್ಲಿನ ಮೇಲೇ ಕೆಂಪು ಗೆರೆಯಾಗಿ ನಿಲ್ಲುತ್ತದೆ, ಕಟ್ಟದ್ದು ತಳಕ್ಕೆ ಇಳಿದು ಬೊಟ್ಟಾಗುತ್ತದೆ. ಕಣ್ಣಿಗೆ ನಿಚ್ಚಳ, ಬೇಕಾದರೆ ಕಾರ್ಡಿನ ಫೋಟೊ ತೆಗೆದಿಟ್ಟು ಮರುದಿನವೂ ನೋಡಬಹುದು.

ವಿಧಾನಕ್ಕಿಂತ ದೊಡ್ಡ ಪ್ರಶ್ನೆ ಯಾವ ಕಣ ಬಳಸಿದಿರಿ ಎಂಬುದು. ಮೂರು ನಾಲ್ಕು ಒ ಪಾಸಿಟಿವ್ ದಾನಿಗಳ ಕಣ ಒಟ್ಟಿಗೆ ಬೆರೆಸಿ ಬಳಸುವ ಪದ್ಧತಿ ಅನೇಕ ಕಡೆ ಇದೆ. ಬಲವಾದ ಆಂಟಿ-ಡಿ ಅದರಲ್ಲಿ ಸಿಗುತ್ತದೆ. ಆದರೆ ನಾಲ್ವರಲ್ಲಿ ಒಬ್ಬರ ಕಣದಲ್ಲಿ ಮಾತ್ರ ಇರುವ ಗುರುತಿನ ವಿರುದ್ಧದ ದುರ್ಬಲ ಆಂಟಿಬಾಡಿ ಉಳಿದ ಮುಕ್ಕಾಲು ಪಾಲು ಕಣಗಳ ನಡುವೆ ಮುಚ್ಚಿಹೋಗುತ್ತದೆ. ಬೇಕಿರುವುದು ಎರಡು ಅಥವಾ ಮೂರು ಬೇರೆ ಬೇರೆ ದಾನಿಗಳ ಬೆರೆಸದ ಸ್ಕ್ರೀನಿಂಗ್ ಕಣಗಳು. ಜೆಕೆ-ಎಯಂಥ ಗುರುತುಗಳು ಎರಡು ಪಾಲು ಇರುವಂತೆ ಆಯ್ದ ಕಣಗಳಿವು. ಒಂದೇ ಪಾಲಿದ್ದರೆ ಕಿಡ್ ಆಂಟಿಬಾಡಿ ಎಷ್ಟೋ ಸಲ ಕಾಣಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ವರದಿಯಲ್ಲಿ ‘ಐಸಿಟಿ ನೆಗೆಟಿವ್’ ಎಂಬ ಎರಡು ಪದ ಸಾಲದು. ಟ್ಯೂಬೋ ಜೆಲ್ಲೋ, ಎಷ್ಟು ಕಣಗಳ ಮೇಲೆ, ಬೆರೆಸಿದ್ದೋ ಬಿಡಿಯೋ, ತಾರೀಕು ಎಷ್ಟು ಎಂಬುದು ಇರಲಿ. ಪಾಸಿಟಿವ್ ಆದರೆ ಆಂಟಿಬಾಡಿಯ ಹೆಸರೂ ಟೈಟರೂ ಇರಲಿ. ಆಂಟಿ-ಡಿ ಟೈಟರ್ 16 ಅಥವಾ 32 ಮುಟ್ಟಿದರೆ ಮಗುವಿನ ಮಿದುಳಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿ ರಕ್ತ ಕಡಿಮೆಯಾಗಿದೆಯೇ ಎಂದು ನೋಡುವ, ಬೇಕಾದರೆ ಹೊಟ್ಟೆಯಲ್ಲಿರುವ ಮಗುವಿಗೇ ರಕ್ತ ಕೊಡುವ ಕೇಂದ್ರಕ್ಕೆ ಕಳಿಸಬೇಕು. ಆಂಟಿ-ಕೆಲ್ ಆದರೆ ಕಡಿಮೆ ಟೈಟರಿಗೂ ಸಮಾಧಾನಪಡುವಂತಿಲ್ಲ; ಅದು ಕಣ ಒಡೆಯುವುದರ ಜೊತೆಗೆ ಮಗುವಿನಲ್ಲಿ ಕಣ ಹುಟ್ಟುವುದನ್ನೇ ತಡೆಯುತ್ತದೆ. ಟೈಟರ್ ಮರಳಿ ನೋಡುವಾಗ ಹಿಂದಿನ ಸಲದ ಸೀರಮನ್ನು ಫ್ರೀಜರಿನಿಂದ ತೆಗೆದು ಪಕ್ಕದಲ್ಲೇ ಇಟ್ಟು ನೋಡುವುದು ಸರಿಯಾದ ಕ್ರಮ, ಇಲ್ಲವಾದರೆ ಏರಿದ್ದು ಆಂಟಿಬಾಡಿಯೋ ಕೈಬದಲಾದ ವ್ಯತ್ಯಾಸವೋ ತಿಳಿಯದು.

ಮುಂಬೈಯಲ್ಲಿ 1952ರಲ್ಲಿ ಮೊದಲು ವರದಿಯಾದ ಬಾಂಬೆ ಗುಂಪಿನವರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಗುಂಪು ನೋಡುವಾಗ ಸೀರಮ್ ಭಾಗ ಬಿಟ್ಟು ಕಣ ಮಾತ್ರ ನೋಡಿದರೆ ಇವರನ್ನು ‘ಒ’ ಎಂದೇ ಬರೆಯುತ್ತಾರೆ. ಆದರೆ ಇವರ ಸೀರಮ್ ಒ ಗುಂಪಿನ ಕಣಗಳನ್ನೂ ಬಲವಾಗಿ ಒಡೆಯುತ್ತದೆ. ಇವರಿಗೆ ಆಗುವುದು ಬಾಂಬೆ ಗುಂಪಿನದೇ ರಕ್ತ. ಸ್ಕ್ರೀನಿಂಗ್ ಕಣ ಮೂರೂ ಗಟ್ಟಿಯಾಗಿ ಪಾಸಿಟಿವ್ ಬಂದು, ತಾಯಿಯ ಸ್ವಂತ ಕಣ ಮಾತ್ರ ನೆಗೆಟಿವ್ ಬಂದರೆ ಒ ಗುಂಪಿನ ಕಣದಲ್ಲಿದ್ದು ಬಾಂಬೆ ಗುಂಪಿನವರಲ್ಲಿ ಇಲ್ಲದ ‘ಎಚ್’ ಗುರುತನ್ನು ಹುಡುಕುವ ಆಂಟಿ-ಎಚ್ ಹಾಕಿ ನೋಡಲೇಬೇಕು.

ಮಾದರಿ ತೆಗೆಯುವುದರಲ್ಲಿ ಆಗುವ ತಪ್ಪುಗಳು ಪರೀಕ್ಷೆಯ ತಪ್ಪುಗಳಿಗಿಂತ ಅಪಾಯಕಾರಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 3ರಿಂದ 5 ಎಂಎಲ್ ರಕ್ತ ಸಾಕು. ಹೆಸರು, ಗಂಡನ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು, ತಾರೀಕು, ವೇಳೆ ಎಲ್ಲವನ್ನೂ ರಕ್ತ ತೆಗೆದ ಮೇಲೆ, ಹಾಸಿಗೆಯ ಪಕ್ಕದಲ್ಲೇ ನಿಂತು ಟ್ಯೂಬಿನ ಮೇಲೆ ಬರೆಯಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಿಯರು, ಮೂವರು ಸವಿತಾ ಇರುವ ಜಿಲ್ಲೆ ನಮ್ಮದು; ಖಾಲಿ ಟ್ಯೂಬುಗಳಿಗೆ ಮೊದಲೇ ಚೀಟಿ ಅಂಟಿಸಿಟ್ಟುಕೊಂಡರೆ ಅದಲುಬದಲಾಗಲು ಕ್ಷಣ ಸಾಕು. ಸಾಗಿಸುವಾಗ 2ರಿಂದ 8 ಡಿಗ್ರಿ ಇರಲಿ, ಹೆಪ್ಪುಗಟ್ಟಿದ ಐಸ್ ಪ್ಯಾಕಿಗೆ ಟ್ಯೂಬ್ ನೇರ ತಾಗದಿರಲಿ. ತಾಗಿದರೆ ಕಣ ಒಡೆದು ಪ್ಲಾಸ್ಮಾ ಕೆಂಪಾಗಿ ಮಾದರಿ ಬಿಸಾಡಬೇಕಾಗುತ್ತದೆ. ಗರ್ಭಿಣಿಯಿಂದ, ಅಥವಾ ಕಳೆದ ಮೂರು ತಿಂಗಳಲ್ಲಿ ರಕ್ತ ಏರಿಸಿಕೊಂಡವರಿಂದ ತೆಗೆದ ಮಾದರಿ ಕ್ರಾಸ್‌ಮ್ಯಾಚಿಗೆ ಮೂರು ದಿನ ಮಾತ್ರ ಸಲ್ಲುತ್ತದೆ, ಏಕೆಂದರೆ ಹೊಸ ಆಂಟಿಬಾಡಿ ಯಾವ ದಿನವೂ ತಲೆಯೆತ್ತಬಹುದು.

‘ಕ್ರಾಸ್‌ಮ್ಯಾಚ್ ಮಾಡುತ್ತೇವಲ್ಲ, ಇದೇಕೆ’ ಎಂಬ ಪ್ರಶ್ನೆ ವೈದ್ಯರಿಂದಲೇ ಬರುವುದುಂಟು. ಕ್ರಾಸ್‌ಮ್ಯಾಚ್ ಮುಂದಿರುವ ಒಂದು ಚೀಲದ ಬಗ್ಗೆ ಹೇಳುತ್ತದೆ, ರೋಗಿಯ ಬಗ್ಗೆ ಅಲ್ಲ. ಸಲೈನಿನಲ್ಲಷ್ಟೇ ಮಾಡಿದ ಕ್ರಾಸ್‌ಮ್ಯಾಚಿನಲ್ಲಿ ಐಜಿಜಿ ಸಿಗುವುದೇ ಇಲ್ಲ. ಕೂಂಬ್ಸ್ ಹಂತದವರೆಗೆ ಒಯ್ದರೂ ಆ ದಾನಿಯಲ್ಲಿ ಗುರುತು ಒಂದೇ ಪಾಲಿದ್ದರೆ ದುರ್ಬಲ ಆಂಟಿಬಾಡಿ ನುಣುಚಿಕೊಳ್ಳಬಹುದು. ಕಿಡ್ ಆಂಟಿಬಾಡಿಯ ಗುಣವಂತೂ ಹೀಗೇ: ಹುಟ್ಟಿ ಕೆಲವು ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಕರಗಿಹೋಗುತ್ತದೆ, ದೇಹ ಮಾತ್ರ ಮರೆಯುವುದಿಲ್ಲ. ವರ್ಷಗಳ ನಂತರ ಅದೇ ಗುರುತಿನ ರಕ್ತ ಏರಿಸಿದರೆ ಐದು ಹತ್ತು ದಿನದಲ್ಲಿ ಉಕ್ಕಿ ಬಂದು ಏರಿಸಿದ ಕಣಗಳನ್ನೆಲ್ಲ ಒಡೆಯುತ್ತದೆ. ರೋಗಿ ಅಷ್ಟರಲ್ಲಿ ಮನೆ ಸೇರಿರುತ್ತಾರೆ. ಜ್ವರ, ಕಣ್ಣು ಹಳದಿ, ಕಪ್ಪು ಮೂತ್ರ ಕಂಡಾಗ ‘ಕಾಮಾಲೆ ಆಗಿದೆ’ ಎಂದು ನಾಟಿ ಔಷಧಿಗೆ ಹೋಗುವವರಿದ್ದಾರೆ. ರಕ್ತ ಏರಿಸಿಕೊಂಡು ಎರಡು ವಾರದೊಳಗೆ ಹೀಗಾದರೆ ನೇರ ಆಸ್ಪತ್ರೆಗೆ ಬಂದು ರಕ್ತ ಏರಿಸಿಕೊಂಡ ತಾರೀಕು ಹೇಳಬೇಕು. ಒಮ್ಮೆ ಆಂಟಿಬಾಡಿ ಕಂಡವರು ಅದರ ಹೆಸರಿನ ಚೀಟಿಯನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಜೀವಮಾನವಿಡೀ ಇಟ್ಟುಕೊಳ್ಳಬೇಕು. ಮುಂದಿನ ಪರೀಕ್ಷೆ ನೆಗೆಟಿವ್ ಬಂದರೂ ಆ ಚೀಟಿ ರದ್ದಾಗುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ರಕ್ತ ಪಡೆಯುವ ಥಲಸ್ಸೀಮಿಯಾ ಮಕ್ಕಳ ತಂದೆ ತಾಯಂದಿರಿಗೆ ಇದು ಇನ್ನೂ ಮುಖ್ಯ.

ಕೂಸಿನ ವಿಷಯದಲ್ಲಿ ಚಿಕ್ಕದಾಗಿ: ನೆಗೆಟಿವ್ ತಾಯಿಯ ಮತ್ತು ಆಂಟಿಬಾಡಿ ಇರುವ ತಾಯಿಯ ಮಗುವಿನ ಹೊಕ್ಕುಳಬಳ್ಳಿಯಿಂದ ರಕ್ತ ತೆಗೆದು ಗುಂಪು, ಡಿಸಿಟಿ (ಮಗುವಿನ ಕಣಕ್ಕೆ ಆಂಟಿಬಾಡಿ ಅಂಟಿದೆಯೇ ಎಂದು ನೋಡುವ ಡೈರೆಕ್ಟ್ ಕೂಂಬ್ಸ್ ಟೆಸ್ಟ್), ಹಿಮೋಗ್ಲೋಬಿನ್, ಹಳದಿಗೆ ಕಾರಣವಾದ ಬಿಲಿರುಬಿನ್ ನೋಡಬೇಕು. ಬಳ್ಳಿಯನ್ನು ಹಿಂಡಿ ಟ್ಯೂಬಿಗೆ ಇಳಿಸಬಾರದು. ಅದರ ಲೋಳೆ ಸೇರಿ ಕಣಗಳು ಸುಮ್ಮನೆ ಅಂಟಿಕೊಂಡು ಗುಂಪೇ ತಪ್ಪಾಗುತ್ತದೆ. ಸಿರಿಂಜಿನಿಂದ ರಕ್ತನಾಳದಿಂದಲೇ ಎಳೆಯಬೇಕು. ಹುಟ್ಟಿದ 24 ಗಂಟೆಯೊಳಗೆ ಕಂಡ ಹಳದಿಯನ್ನು ಬೆಳಗಿನ ಎಳೆಬಿಸಿಲಿಗೆ ಹಿಡಿದು ನೋಡೋಣ ಎಂದು ಮುಂದೂಡಲೇಬಾರದು. ಬಿಲಿರುಬಿನ್ ಮಿದುಳಿಗೆ ಇಳಿದರೆ ಆದ ಹಾನಿ ಹಿಂದೆ ಬಾರದು.

ಹಾಗಾದರೆ ಮಾಡಬೇಕಾದ್ದೇನು? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸ್ಕ್ರೀನಿಂಗ್ ಕಣ ಇಡಿ ಎಂದು ನಾವು ಕೇಳುತ್ತಿಲ್ಲ. ಆ ಕಣಗಳ ಬಾಳಿಕೆ ತಯಾರಾದ ದಿನದಿಂದ ಸುಮಾರು ನಾಲ್ಕೈದು ವಾರ. ದಿನಕ್ಕೆ ಎರಡು ಮಾದರಿ ಬರುವ ಕಡೆ ಮುಕ್ಕಾಲು ಸೀಸೆ ಅವಧಿ ಮುಗಿದು ಚರಂಡಿ ಪಾಲಾಗುತ್ತದೆ. 10 ಎಂಎಲ್ ಸೀಸೆಯಲ್ಲಿ, ತಲಾ 50 ಮೈಕ್ರೋಲೀಟರಿನಂತೆ ಲೆಕ್ಕ ಹಾಕಿದರೆ, 200 ಪರೀಕ್ಷೆಯ ಕಣ ಇರುತ್ತದೆ. ಆರು ಕೊಳವೆಯ ಒಂದು ಜೆಲ್ ಕಾರ್ಡಿನಲ್ಲಿ ಮೂರು ಕಣಗಳಂತೆ ಇಬ್ಬರು ತಾಯಂದಿರ ಪರೀಕ್ಷೆ ಮುಗಿಯುತ್ತದೆ. ಆದ್ದರಿಂದ ಜಿಲ್ಲೆಯ ಮಾದರಿಗಳೆಲ್ಲ ಒಂದೆಡೆ ಬಂದರೆ ಖರ್ಚು ಸಹ ತಗ್ಗುತ್ತದೆ, ಕೈಪಳಗಿದ ತಂತ್ರಜ್ಞರ ಕಣ್ಣೂ ಸಿಗುತ್ತದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ ನಡೆಯುತ್ತಿದೆ. ಅವತ್ತು ಹಿಮೋಗ್ಲೋಬಿನ್ನಿಗೆ ಸೂಜಿ ಚುಚ್ಚುವಾಗಲೇ ಇನ್ನೊಂದು ಇಡಿಟಿಎ ಟ್ಯೂಬ್ ತುಂಬಿಸಿಕೊಂಡರೆ ತಾಯಿಗೆ ಎರಡನೇ ನೋವಿಲ್ಲ. ಮಂಗನ ಕಾಯಿಲೆಯ ಮಾದರಿಗಳನ್ನು ತಣ್ಣಗಿನ ಪೆಟ್ಟಿಗೆಯಲ್ಲಿ ಶಿವಮೊಗ್ಗಕ್ಕೆ ತಲುಪಿಸುವ ಅಭ್ಯಾಸ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇದೆ. ಅದೇ ಜಾಡಿನಲ್ಲಿ ಈ ಟ್ಯೂಬುಗಳೂ ಬರಲಿ. ಮೊದಲ ಭೇಟಿಯಲ್ಲೊಮ್ಮೆ, 28ನೇ ವಾರದಲ್ಲೊಮ್ಮೆ. ಎಲ್ಲರಿಗೂ ಒಮ್ಮೆಲೇ ಆಗದಿದ್ದರೆ ನೆಗೆಟಿವ್ ಗುಂಪಿನವರ ಜೊತೆಗೆ ಹಿಂದೆ ರಕ್ತ ಏರಿಸಿಕೊಂಡವರು, ಗರ್ಭಪಾತವಾದವರು, ಹೊಟ್ಟೆಯಲ್ಲೇ ಮಗು ಹೋದವರು, ಹಿಂದಿನ ಮಗುವನ್ನು ಹಳದಿಗೆಂದು ಲೈಟಿನ ಕೆಳಗೆ ಇಟ್ಟಿದ್ದವರು ಇವರಿಂದ ಶುರುವಾಗಲಿ. ಆಶಾ ಕಾರ್ಯಕರ್ತೆಯರು ಈ ನಾಲ್ಕು ಪ್ರಶ್ನೆ ಕೇಳಿದರೆ ಸಾಕು, ಯಾರಿಗೆ ಮೊದಲು ಬೇಕೆಂದು ಗೊತ್ತಾಗುತ್ತದೆ.

ರಕ್ತದಾನಿಗಳಲ್ಲೂ ಒಂದು ಕೋರಿಕೆ. ವರ್ಷಕ್ಕೆ ಎರಡು ಮೂರು ಬಾರಿ ತಪ್ಪದೆ ಕೊಡುವವರ ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ, ಕೆಲ್ ಗುರುತುಗಳನ್ನು ರಕ್ತನಿಧಿಗಳು ಒಮ್ಮೆ ನೋಡಿ ದಾಖಲಿಸಿಟ್ಟುಕೊಂಡರೆ, ಬೇಕಾದಾಗ ಚೀಲ ಹುಡುಕುವ ಬದಲು ದಾನಿಗೇ ಫೋನ್ ಮಾಡಬಹುದು. ನಿಮ್ಮ ರಕ್ತನಿಧಿಯಲ್ಲಿ ಇದನ್ನು ಕೇಳಿ, ನಂಬರ್ ಬದಲಾದರೆ ತಿಳಿಸಿ. ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಫೋನ್ ಬಂದರೂ ದಯವಿಟ್ಟು ಎತ್ತಿ. ನಿಮ್ಮದು ಬರೀ ಒ ಪಾಸಿಟಿವ್, ಎಲ್ಲರಲ್ಲೂ ಇರುವಂಥದ್ದು ಎಂದು ನಿಮಗನ್ನಿಸಿರಬಹುದು. ಆಂಟಿ-ಸಣ್ಣ-ಸಿ ಇರುವ ಬಾಣಂತಿಯೊಬ್ಬಳಿಗೆ ಆ ರಾತ್ರಿ ಬೇಕಿರುವುದು ಅದೇ ಆಗಿರುತ್ತದೆ.

— ರಕ್ತನಿಧಿ ಹಾಗೂ ಹೆರಿಗೆ ವಿಭಾಗಗಳ ತಂತ್ರಜ್ಞರು ಮತ್ತು ವೈದ್ಯರು,
ಶಿವಮೊಗ್ಗ